ಗಾಯ ಮಾಯಲಿ, ಆಮೇಲೆ ಅಟ್ಟ ಏರಲಿ: ಕುಂಬಳಕಾಯಿ ಮಳೆಗಾಲ ದಾಟಿಸುವ ಕ್ರಮ

ನಮ್ಮ ಹಿತ್ತಲಿನ ಬಳ್ಳಿಯಲ್ಲಿ ಒಂದು ಚೀನಿಕಾಯಿಯ, ಅಂದರೆ ಸಿಹಿಗುಂಬಳದ ಮೇಲೆ ‘ಸು’ ಅಂತ ಬರೆದಿದೆ. ಅಣ್ಣನ ಮಗಳು ಫೆಬ್ರವರಿಯಲ್ಲಿ ಬಂದಿದ್ದಾಗ ಸೇಫ್ಟಿ ಪಿನ್ನಿನಿಂದ ಗೀಚಿ ಹೋಗಿದ್ದಳು. ಆಗ ಕಾಯಿ ತೆಂಗಿನಕಾಯಿಯಷ್ಟು ಇತ್ತು. ಗೀರಿನ ಉದ್ದಕ್ಕೂ ಸಣ್ಣ ಸಣ್ಣ ಹನಿ ಒಸರಿತು. ಮರುದಿನ ನೋಡಿದರೆ ಹನಿಗಳು ಅಂಟಿನ ಹಾಗೆ ಗಟ್ಟಿಯಾಗಿ ಜೇನಿನ ಬಣ್ಣಕ್ಕೆ ತಿರುಗಿದ್ದವು. ಈಗ ಏಪ್ರಿಲ್. ಕಾಯಿ ಆರು ಕೆಜಿ ದಾಟಿರಬೇಕು. ಅಕ್ಷರವೂ ಕಾಯಿಯ ಜೊತೆಗೇ ಬೆಳೆದು ಅಂಗೈ ಅಗಲ ಆಗಿದೆ. ಬೆರಳಾಡಿಸಿದರೆ ಉಬ್ಬಿ ಕೈಗೆ ಸಿಗುತ್ತದೆ. ಬಾಟಲಿ ಬೂಚಿನ ಹಾಗೆ ಒರಟು, ಒಣ. ಅದರ ಅಡಿಯಲ್ಲಿ ಕೊಳೆಯ ಸುಳಿವೇ ಇಲ್ಲ.

ಬೇಸಿಗೆಯಲ್ಲಿ ಕೊಯ್ದ ಕಾಯಿಯನ್ನು ಮಳೆಗಾಲ ದಾಟಿಸುವ ಗುಟ್ಟು ಆ ಅಕ್ಷರದಲ್ಲೇ ಇದೆ. ಗಾಯ ಮಾಯಿಸಿಕೊಳ್ಳುವ ಶಕ್ತಿ ಕಾಯಿಗೆ ತಾನಾಗಿಯೇ ಇದೆ. ಬಳ್ಳಿಯಿಂದ ಬೇರೆಯಾದ ಮೇಲೂ ಅದು ಉಸಿರಾಡುತ್ತಿರುತ್ತದೆ, ಜೀವ ಹಿಡಿದಿರುತ್ತದೆ. ಹಾಗಾಗಿ ಮಾಯಿಸಿಕೊಳ್ಳುವ ಶಕ್ತಿಯೂ ಉಳಿದಿರುತ್ತದೆ, ಎಳೆಯದರಷ್ಟು ಚುರುಕಾಗಿ ಅಲ್ಲ, ಅಷ್ಟೇ. ಅದಕ್ಕೆ ಹತ್ತು ದಿನ ಬಿಡುವು ಕೊಡಬೇಕು. ನಾವು ಅದನ್ನೇ ಕೊಡುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಮೇ ತಿಂಗಳಲ್ಲಿ ಜೋರು ಅಡ್ಡಮಳೆ ಬಂತು. ಇನ್ನು ಗದ್ದೆಯಲ್ಲಿ ಬಿಟ್ಟರೆ ಕಷ್ಟ ಅಂತ ಮರುದಿನವೇ ಎಲ್ಲ ಕೊಯ್ದೆವು. ಒದ್ದೆ ಕಾಯಿಯನ್ನು ಗೋಣಿಚೀಲದಲ್ಲಿ ತುಂಬಿ ತಂದು ಮೆತ್ತಿನ, ಅಂದರೆ ಮಹಡಿಯ ಮೂಲೆಯಲ್ಲಿ ರಾಶಿ ಹಾಕಿದೆವು. ಜೂನ್ ಮೂರನೇ ವಾರ ಹಲಗೆಯ ಸಂದಿಯಿಂದ ಕಂದು ನೀರು ಕೆಳಗೆ ತೊಟ್ಟಿಕ್ಕಿತು. 22 ಕಾಯಲ್ಲಿ ಉಳಿದದ್ದು 9. ಗೊಬ್ಬರದ ಗುಂಡಿಗೆ ಹಾಕುವ ಮೊದಲು ಒಂದೊಂದನ್ನೂ ತಿರುಗಿಸಿ ನೋಡಿದೆ. ಕೆಲವಕ್ಕೆ ತೊಟ್ಟಿನ ಬುಡದಿಂದ ಕೊಳೆ ಹಿಡಿದಿತ್ತು. ಕೆಲವಕ್ಕೆ ನೆಲಕ್ಕೆ ತಾಗಿದ ಜಾಗದಿಂದ. ಉಳಿದವು ಪಕ್ಕದ ಕೊಳೆತ ಕಾಯಿಗೆ ತಾಗಿಕೊಂಡೇ ಕೆಟ್ಟಿದ್ದವು. ತೊಟ್ಟು ಮುರಿದ ಕಾಯಿಯಂತೂ ಒಂದೂ ಬದುಕಿರಲಿಲ್ಲ. ಆಷಾಢದಲ್ಲಿ ಅಟ್ಟದ ಮೇಲೆ ಕೊಳೆಯುವ ಕಾಯಿಗೆ ಬೇಸಿಗೆಯಲ್ಲೇ ಎಲ್ಲೋ ಗಾಯವಾಗಿರುತ್ತದೆ ಅನ್ನುವುದು ಅವತ್ತು ನನಗೆ ಮನದಟ್ಟಾಯಿತು.

ಯಾವ ಕಾಯಿಗೆ ಈ ಕ್ರಮ

ನಮ್ಮ ಉತ್ತರ ಕನ್ನಡದ ಕಡೆ ಮಳೆಗಾಲಕ್ಕೆ ಇಡುವುದು ಮುಖ್ಯವಾಗಿ ಮೂರು. ಮೊದಲನೆಯದು ಚೀನಿಕಾಯಿ. ಹೆಸರು ಚೀನಿಕಾಯಿಯಾದರೂ ಇದರ ಮೂಲ ಅಮೆರಿಕ ಖಂಡ. ಎರಡನೆಯದು ಬೂದುಗುಂಬಳ, ಇದು ಏಷ್ಯಾದ್ದೇ. ಮೂರನೆಯದು ಮೊಗೆಕಾಯಿ, ಅಂದರೆ ಮಂಗಳೂರು ಸೌತೆ. ಮೂರೂ ಒಂದೇ ಬಳಗ, ಸಿಪ್ಪೆಯ ಗುಣ ಮಾತ್ರ ಬೇರೆ ಬೇರೆ. ಹೀರೆ, ಪಡುವಲ, ಎಳೆಸೌತೆ ಇವೂ ಅದೇ ಬಳಗದವು. ಆದರೆ ಅವನ್ನು ಎಳೆಯದಿರುವಾಗಲೇ ಕೊಯ್ಯುತ್ತೇವೆ. ಸಿಪ್ಪೆ ಬಲಿತಿರುವುದಿಲ್ಲ. ಅವನ್ನು ಇಟ್ಟುಕೊಳ್ಳುವ ಆಸೆ ಬೇಡ.

ಗಾಯದ ಒಳಗೆ ನಡೆಯುವುದೇನು

ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದಿನ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಸಿಪ್ಪೆ ಗೀರಿದ ಕೂಡಲೇ ಒಳಗಿನ ಸಣ್ಣ ನಾಳಗಳಿಂದ ರಸ ಹೊರಗೆ ಬರುತ್ತದೆ. ಈ ಬಳಗದ ಕಾಯಿಗಳ ರಸಕ್ಕೆ ಒಂದು ಗುಣ ಇದೆ. ಗಾಳಿ ತಾಗಿದರೆ ಅದರೊಳಗಿನ ಪ್ರೋಟೀನು ಹೆಪ್ಪುಗಟ್ಟುತ್ತದೆ. ಚೀನಿಕಾಯಿ ಹೆಚ್ಚುವಾಗ ಕತ್ತಿಗೂ ಬೆರಳಿಗೂ ಅಂಟುವ ಆ ಜಿಗುಟು ಇದೆಯಲ್ಲ, ಅದೇ. ನಮಗೆ ಪೆಟ್ಟಾದಾಗ ರಕ್ತ ಹೆಪ್ಪುಗಟ್ಟುವ ಹಾಗೆ. ಆದರೆ ಇದು ತಾತ್ಕಾಲಿಕ ಮುಚ್ಚಳ ಮಾತ್ರ. ಬೂಸ್ಟು ಇದನ್ನು ದಾಟಬಲ್ಲದು.

ನಿಜವಾದ ಕೆಲಸ ಅದರ ಕೆಳಗೆ ನಡೆಯುತ್ತದೆ. ಗಾಯದ ಅಂಚಿನ ಕೋಶಗಳು ಸಾಯುತ್ತವೆ. ಅವುಗಳ ಕೆಳಗೆ ಬದುಕಿರುವ ಕೋಶಗಳು ತಮ್ಮ ಗೋಡೆಗೆ ಲಿಗ್ನಿನ್ ಮತ್ತು ಸುಬೆರಿನ್ ಅನ್ನುವ ವಸ್ತು ತುಂಬಿಕೊಳ್ಳುತ್ತವೆ. ಲಿಗ್ನಿನ್ ಅಂದರೆ ಮರವನ್ನು ಮರ ಮಾಡುವ ಗಟ್ಟಿ ವಸ್ತು. ಸುಬೆರಿನ್ ಮೇಣದಂಥದ್ದು, ನೀರು ಬಿಡುವುದಿಲ್ಲ. ಬೂಚಿನ ಮರದ ತೊಗಟೆಯಲ್ಲಿ ಇರುವುದೂ ಅದೇ. ಆಮೇಲೆ ಅಲ್ಲಿ ಹೊಸ ಕೋಶಗಳ ಪದರ ಹುಟ್ಟಿ, ಒಂದರ ಮೇಲೊಂದು ಸೇರಿ, ತೊಗಟೆಯಂಥ ತೇಪೆ ಆಗುತ್ತದೆ. ತೇಪೆ ಪೂರ್ತಿ ಆದ ಮೇಲೆ ಒಳಗಿನ ನೀರು ಹೊರಗೆ ಹೋಗುವುದಿಲ್ಲ, ಹೊರಗಿನ ಬೂಸ್ಟು ಒಳಗೆ ಬರುವುದಿಲ್ಲ.

ಈ ಕೆಲಸಕ್ಕೆ ಮೂರು ಬೇಕು. ಒಂದು, ಬೆಚ್ಚಗಿನ ಹವೆ. ತಂಪಾದರೆ ಕೋಶಗಳು ನಿಧಾನ. ಎರಡು, ಗಾಳಿಯಲ್ಲಿ ಹದವಾದ ತೇವ. ತೀರಾ ಒಣಗಿದರೆ ತೇಪೆ ಹಾಕುವ ಕೋಶಗಳೇ ಮೊದಲು ಒಣಗಿ ಸಾಯುತ್ತವೆ. ಮೂರು, ಮೈಮೇಲೆ ನೀರು ನಿಲ್ಲಬಾರದು. ಬೂಸ್ಟಿನ ಬೀಜಕ್ಕೆ ಮೊಳೆಯಲು ಒಂದು ತೆಳ್ಳನೆ ನೀರಿನ ಪೊರೆ ಸಾಕು. ಪುಸ್ತಕದ ಲೆಕ್ಕ ಹೀಗಿದೆ: 27ರಿಂದ 29 ಡಿಗ್ರಿ ಸೆಲ್ಸಿಯಸ್ ಶಾಖ, ಗಾಳಿಯಲ್ಲಿ 80ರಿಂದ 85 ಶೇಕಡಾ ತೇವ, ಸುಮಾರು ಹತ್ತು ದಿನ. ಚಳಿ ದೇಶಗಳಲ್ಲಿ ಇದಕ್ಕಾಗಿ ಕೋಣೆಯನ್ನೇ ಬಿಸಿ ಮಾಡುತ್ತಾರೆ. ನಮಗೆ ಆ ಖರ್ಚಿಲ್ಲ. ಏಪ್ರಿಲ್ ಕೊನೆಯಲ್ಲಿ ಅಂಕೋಲೆಯ ಯಾವುದೇ ಮನೆಯ ಜಗಲಿಯಲ್ಲಿ ಕೂತರೆ ಮೈ ಬೆವರುತ್ತದೆ, ಅಲ್ವಾ? ನಮಗೆ ಸೆಖೆ ಅನ್ನಿಸುವ ಆ ಹವೆಯೇ ಕುಂಬಳಕಾಯಿಯ ಗಾಯಕ್ಕೆ ಮದ್ದು.

ನಮ್ಮ ಕಷ್ಟ ಶುರುವಾಗುವುದು ಆಮೇಲೆ. ಗಾಯ ಮಾಯ್ದ ಕಾಯಿಯನ್ನು 10ರಿಂದ 15 ಡಿಗ್ರಿಯಲ್ಲಿ, ಒಣ ಜಾಗದಲ್ಲಿ ಇಡಬೇಕು ಅನ್ನುತ್ತದೆ ಅದೇ ಪುಸ್ತಕ. ಜೂನ್, ಜುಲೈಯಲ್ಲಿ ನಮಗೆ ಅದು ಎಲ್ಲಿಂದ ಬರಬೇಕು? ಆದ್ದರಿಂದ ನಾವು ತಂಪಿನ ಆಸೆ ಬಿಟ್ಟು ಗಾಳಿಯ ಮೇಲೆ ನಂಬಿಕೆ ಇಡಬೇಕು. ನಮ್ಮ ಹಿರಿಯರು ಕಾಯಿಯನ್ನು ಯಾಕೆ ನೇತುಹಾಕುತ್ತಿದ್ದರು ಅನ್ನುವುದಕ್ಕೂ ಉತ್ತರ ಇದೇ.

ಮೊದಲ ಹೆಜ್ಜೆ: ಬಳ್ಳಿಯಲ್ಲಿರುವಾಗಲೇ

ಕಾಯಿ ಮುಷ್ಟಿಗಿಂತ ದೊಡ್ಡದಾದ ಕೂಡಲೇ ಅಡಿಗೆ ಒಂದು ಅಡಿಕೆ ಹಾಳೆ ಹಾಸಿ. ಕರಾವಳಿಯಲ್ಲಿ ಹಾಳೆ ಸಿಗದಿದ್ದರೆ ಒಣ ಹುಲ್ಲಿನ ಸಿಂಬಿ ಮಾಡಿ ಇಡಿ. ಹಾಳೆಯನ್ನು ಮಗುಚಿ, ಉಬ್ಬು ಮೇಲೆ ಬರುವ ಹಾಗೆ ಇಡಬೇಕು. ಇಲ್ಲದಿದ್ದರೆ ಅದೇ ನೀರಿನ ತೊಟ್ಟಿಯಾಗುತ್ತದೆ. ನೆಲಕ್ಕೆ ತಾಗಿದ ಭಾಗದಲ್ಲಿ ಸಿಪ್ಪೆ ತೆಳ್ಳಗೆ, ಬಿಳಚಿಕೊಂಡು ಇರುತ್ತದೆ. ಮಣ್ಣಿನ ರೋಗ ಹತ್ತುವುದು ಅಲ್ಲಿಂದ.

ಹಣ್ಣುನೊಣದ ಮೇಲೆ ಕಣ್ಣಿಡಿ. ಅದು ಎಳೆ ಕಾಯಿಗೆ ಸೂಜಿಯಂಥ ಅಂಗದಿಂದ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಕಡೆ ಅಂಟಿನ ಹನಿ ಬಂದು ಗಾಯ ಮಾಯ್ದ ಹಾಗೆ ಕಾಣುತ್ತದೆ. ಆದರೆ ಒಳಗೆ ಹುಳ ಇರುತ್ತದೆ. ಹೊರಗಿನ ಗೀರು ಬೇರೆ, ಈ ಚುಚ್ಚು ಬೇರೆ. ಗೀರಿನ ಕಲೆ ಉದ್ದಕ್ಕೆ ಇರುತ್ತದೆ, ಉಬ್ಬಿರುತ್ತದೆ. ನೊಣದ ಚುಚ್ಚು ಗುಂಡುಸೂಜಿ ತಲೆಯಷ್ಟು ಇದ್ದು, ಸುತ್ತಲಿನ ಸಿಪ್ಪೆ ತಗ್ಗಿರುತ್ತದೆ. ಕಾಯಿಯೂ ಆ ಕಡೆಗೆ ಸೊಟ್ಟಗಾಗುತ್ತದೆ. ಇಂಥದ್ದನ್ನು ಅಟ್ಟಕ್ಕೆ ಏರಿಸಬೇಡಿ. ಎಳೆಯದಿರುವಾಗ ಕಾಗದ ಅಥವಾ ಬಟ್ಟೆಯ ಚೀಲ ಕಟ್ಟಿದರೆ ಈ ಕಾಟವೇ ಇಲ್ಲ. ಬಿದ್ದ, ಹುಳ ಹಿಡಿದ ಮಿಡಿಗಳನ್ನು ಆರಿಸಿ ಆಳಕ್ಕೆ ಹೂಳಿ. ಸುಮ್ನೆ ಬೇಲಿಯಾಚೆ ಎಸೆದರೆ ಅದೇ ನೊಣ ವಾಪಸು ಬರುತ್ತದೆ.

ಇನ್ನೊಂದು ಮಾತು, ತೋಟ ಇರುವವರಿಗೆ. ಮೆಣಸಿನ ಬಳ್ಳಿ ಸೊರಗಿ ಸತ್ತ ಜಾಗದಲ್ಲಿ ಕುಂಬಳ ಹಾಕಬೇಡಿ. ಅಡಿಕೆಯ ಕೊಳೆರೋಗ ಯಾರಿಗೆ ಗೊತ್ತಿಲ್ಲ! ಅದಕ್ಕೆ ಕಾರಣ ಫೈಟೋಫ್ತೊರಾ ಅನ್ನುವ ರೋಗಾಣು. ಅದೇ ಕುಟುಂಬದ ಫೈಟೋಫ್ತೊರಾ ಕ್ಯಾಪ್ಸಿಸಿ ಕಾಳುಮೆಣಸಿನ ಬಳ್ಳಿಯನ್ನೂ ಸೊರಗಿಸುತ್ತದೆ, ಕುಂಬಳ ಬಳಗದ ಕಾಯಿಯನ್ನೂ ಕೊಳೆಸುತ್ತದೆ. ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ನೀರು ನಿಲ್ಲುವ ಗದ್ದೆಯ ಕೆಳಗಿನ ಮೂಲೆಯಲ್ಲಿ ಇದ್ದ ಕಾಯಿಯನ್ನು ಬೇರೆಯೇ ಇಟ್ಟು ಮೊದಲು ಅಡುಗೆ ಮಾಡಿ ಮುಗಿಸುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಬಲಿತಿದೆಯಾ ನೋಡುವುದು

ಎಳೆ ಕಾಯಿ ಬಳ್ಳಿಯಲ್ಲಿ ಗಾಯ ಬೇಗ ಮಾಯಿಸಿಕೊಳ್ಳುತ್ತದೆ, ಆದರೆ ಕೊಯ್ದ ಮೇಲೆ ಬಾಳುವುದಿಲ್ಲ. ಒಳಗೆ ದಾಸ್ತಾನು ಇಲ್ಲ, ಹೊರಗೆ ಕವಚ ಇಲ್ಲ. ಇಡುವ ಕಾಯಿ ಪೂರ್ತಿ ಬಲಿತಿರಬೇಕು.

ಚೀನಿಕಾಯಿಗೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಉಗುರು ಇಳಿಯಬಾರದು. ಹೊಳಪು ಹೋಗಿ ಮೈ ಮಂಕಾಗಿರಬೇಕು. ನೆಲಕ್ಕೆ ತಾಗಿದ ಮಚ್ಚೆ ಬಿಳಿಯಿಂದ ಕೆನೆ ಹಳದಿಗೆ ತಿರುಗಿರಬೇಕು. ತೊಟ್ಟು ಹಸಿರು ಬಿಟ್ಟು ಮರದ ಹಾಗೆ ಗೀರು ಗೀರಾಗಿರಬೇಕು. ಹೂ ಕಚ್ಚಿದ ಮೇಲೆ ಕಡಿಮೆ ಅಂದರೂ ಒಂದೂವರೆ ತಿಂಗಳು ಬೇಕು. ಬೂದುಗುಂಬಳಕ್ಕೆ ಉಗುರಿನ ಪರೀಕ್ಷೆ ಬೇಡ, ಅದರ ಬೂದಿಯೇ ಹೇಳುತ್ತದೆ. ಎಳೆಯದಿರುವಾಗ ಮೈತುಂಬ ಚುಚ್ಚುವ ರೋಮ. ಬಲಿಯುತ್ತಾ ರೋಮ ಉದುರಿ ಬಿಳಿ ಮೇಣ ಕೂರುತ್ತದೆ. ಮೊಗೆಕಾಯಿ ಬಣ್ಣ ಪೂರ್ತಿ ತಿರುಗಿದ್ದು, ಸಿಪ್ಪೆ ಗಡಸಾಗಿದ್ದರೆ ಸರಿ. ಮೆತ್ತಗಾದರೆ ಹೊತ್ತಾಯಿತು ಅಂತ ಅರ್ಥ.

ಅಡ್ಡಮಳೆಗೆ ಮೊದಲು ಕೊಯ್ದು ಮುಗಿಸಿ. ಅಕಸ್ಮಾತ್ ಮಳೆ ಬಂದರೆ ಎರಡು ಬಿಸಿಲು ಬೀಳುವವರೆಗೆ ಕಾಯಿರಿ. ಒದ್ದೆ ಕಾಯಿಗೆ ಕತ್ತಿ ಹಾಕಬೇಡಿ.

ಮೂರನೆಯ ಹೆಜ್ಜೆ: ಕೊಯ್ಲು

ಚಿಕ್ಕವನಿದ್ದಾಗ ಕಾಯಿಯನ್ನು ತೊಟ್ಟು ಹಿಡಿದು ಎತ್ತಿದರೆ ದೊಡ್ಡಾಯಿ ಗದ್ದೆಯ ಆ ತುದಿಯಿಂದ ಕೂಗುತ್ತಿದ್ದಳು: “ತಮಾ, ತೊಟ್ಟು ಹಿಡ್ದು ಎತ್ತಡ!” ಕಾರಣ ಹೇಳುತ್ತಿರಲಿಲ್ಲ. ಈಗ ನನಗೆ ಕಾರಣ ಗೊತ್ತು. ತೊಟ್ಟು ಕಾಯಿಯ ಬಾಗಿಲು. ಅದು ಬುಡದಿಂದ ಕಿತ್ತು ಬಂದರೆ ನಡುವೆ ಒಂದು ಗುಂಡಿ ಉಳಿಯುತ್ತದೆ. ಅಷ್ಟು ದೊಡ್ಡ, ಆಳದ ಗಾಯಕ್ಕೆ ತೇಪೆ ಬೀಳುವ ಮೊದಲೇ ಬೂಸ್ಟು ಒಳಗೆ ಹೋಗಿರುತ್ತದೆ. ತೊಟ್ಟು ಪೂರ್ತಿ ಮುರಿಯಬೇಕೆಂದೂ ಇಲ್ಲ. ಭಾರಕ್ಕೆ ಬುಡದಲ್ಲಿ ಕೂದಲಿನಷ್ಟು ಬಿರುಕು ಬಿಟ್ಟರೂ ಸಾಕು.

ಹರಿತ ಕತ್ತಿಯಿಂದ, ಮೂರು ಬೆರಳಿನಷ್ಟು ತೊಟ್ಟು ಕಾಯಿಗೇ ಉಳಿಯುವ ಹಾಗೆ ಒಂದೇ ಏಟಿಗೆ ಕೊಯ್ಯಿರಿ. ತಿರುಚಬೇಡಿ, ಎಳೆಯಬೇಡಿ. ಮೊಂಡ ಕತ್ತಿ ತೊಟ್ಟನ್ನು ಜಜ್ಜುತ್ತದೆ. ಜಜ್ಜಿದ್ದು ಮಾಯುವುದಿಲ್ಲ, ಕೊಯ್ದದ್ದು ಮಾಯುತ್ತದೆ. ರೋಗ ಹಿಡಿದ ಬಳ್ಳಿಗೆ ಹಾಕಿದ ಕತ್ತಿಯನ್ನು ತೊಳೆದು ಒರೆಸದೆ ಒಳ್ಳೆಯ ಬಳ್ಳಿಗೆ ಹಾಕಬೇಡಿ. ಕೊಯ್ದ ತುದಿಗೆ ವೀಳ್ಯದೆಲೆಗೆ ಹಚ್ಚುವ ಸುಣ್ಣ ಸವರುವ ಪದ್ಧತಿ ಇದೆ. ನಾನೂ ಮಾಡುತ್ತೇನೆ. ಸುಣ್ಣದ ಖಾರಕ್ಕೆ ಬೂಸ್ಟು ಸುಲಭಕ್ಕೆ ಹತ್ತುವುದಿಲ್ಲ. ಆದರೆ ಸಗಣಿ ಮಾತ್ರ ಹಚ್ಚಬೇಡಿ. ಗಾಯದ ಮೇಲೆ ಸೂಕ್ಷ್ಮಜೀವಿಗಳನ್ನು ನಾವೇ ತಂದು ಕೂರಿಸಿದ ಹಾಗಾಗುತ್ತದೆ.

ಎರಡೂ ಕೈಯಿಂದ ಅಡಿ ಹಿಡಿದು ಎತ್ತಿ. ಬುಟ್ಟಿಗೆ ಮೊದಲು ಹುಲ್ಲು ಹಾಕಿ, ಒಂದೇ ಪದರ ಜೋಡಿಸಿ. ಗೋಣಿಚೀಲ ಬೇಡವೇ ಬೇಡ. ಚೀಲದೊಳಗೆ ಒಂದರ ಒಣ ತೊಟ್ಟು ಇನ್ನೊಂದರ ಹೊಟ್ಟೆಗೆ ಚುಚ್ಚುತ್ತದೆ. ಕೈಜಾರಿ ಬಿದ್ದ ಕಾಯಿಯನ್ನು, ಹೊರಗೆ ಏನೂ ಆಗದಂತೆ ಕಂಡರೂ, ಬೇರೆ ಇಡಿ. ಹೊರಗಿನ ಗೀರಿಗಿಂತ ಒಳಪೆಟ್ಟು ಅಪಾಯ. ಗೀರಿಗೆ ಗಾಳಿ ತಾಗಿ ತೇಪೆ ಬೀಳುತ್ತದೆ. ಒಳಗೆ ಜಜ್ಜಿದ ತಿರುಳಿಗೆ ಆ ಅವಕಾಶ ಇಲ್ಲ. ಮೂರು ನಾಲ್ಕು ವಾರದ ಮೇಲೆ ಅಲ್ಲೇ ನೀರಾಡುತ್ತದೆ.

ಶಿರಸಿಯ ಮಂಗಳವಾರದ ಸಂತೆಯಲ್ಲೋ ಕಾರವಾರದ ಭಾನುವಾರದ ಸಂತೆಯಲ್ಲೋ ಕೊಂಡು ತಂದು ಇಡುವವರಿಗೂ ಇದೇ ಲೆಕ್ಕ. ಲಾರಿಯಲ್ಲಿ ರಾಶಿಯಾಗಿ ಬಂದ ಕಾಯಿಗಿಂತ ಗದ್ದೆಯಿಂದ ನೇರ ತಂದು ಮಾರುವವರ ಹತ್ತಿರ ಕೊಳ್ಳಿ. ಅಂಕೋಲಾ, ಕುಮಟಾ ಕಡೆ ಹಾಲಕ್ಕಿ ಸಮುದಾಯದ ಹೆಂಗಸರು ಸುಗ್ಗಿ ಮುಗಿದ ಗದ್ದೆಯಲ್ಲಿ ಬೆಳೆದು ತರುವ ಕಾಯಿಗೆ ತೊಟ್ಟು ಇರುತ್ತದೆ. ಮೊದಲು ತೊಟ್ಟು ನೋಡಿ, ಆಮೇಲೆ ರೇಟು ಕೇಳಿ.

ನಾಲ್ಕನೆಯ ಹೆಜ್ಜೆ: ಹತ್ತು ದಿನದ ಬಾಣಂತನ

ಇದು ಎಲ್ಲದಕ್ಕಿಂತ ಮುಖ್ಯ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಮನೆಗೆ ತಂದ ಕಾಯಿಯನ್ನು ತೊಳೆಯಬೇಡಿ. ಮಣ್ಣನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಬೂದುಗುಂಬಳವನ್ನು ಒರೆಸುವುದೂ ಬೇಡ. ಆ ಬೂದಿ ಮೇಣ, ನೀರನ್ನು ಜಾರಿಸುವ ಅಂಗಿ. ಕೈ ಎಷ್ಟು ಕಡಿಮೆ ತಾಗಿದರೆ ಅಷ್ಟು ಒಳ್ಳೆಯದು.

ಘಟ್ಟದ ಮೇಲಿನವರಿಗೆ ಏಪ್ರಿಲ್ ಹೊತ್ತಿಗೆ ಅಡಿಕೆ ಒಣಗಿಸುವ ಅಟ್ಟ ಖಾಲಿ ಇರುತ್ತದೆ. ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ದಬ್ಬೆಯ, ಅಂದರೆ ಸೀಳಿದ ಅಡಿಕೆ ಮರದ ಪಟ್ಟಿಗಳ ಸಂದಿಯಿಂದ ಕೆಳಗಿನ ಗಾಳಿಯೂ ಆಡುತ್ತದೆ. ಮೇಲೆ ಸೋಗೆಯ ನೆರಳು ಮಾಡಿ. ದಬ್ಬೆಯ ಮೇಲೆ ತೆಳ್ಳಗೆ ಒಣಹುಲ್ಲು ಹರಡಿ. ಕಾಯಿಗಳ ನಡುವೆ ನಾಲ್ಕು ಬೆರಳು ಸಂದಿ ಬಿಟ್ಟು ಸಾಲಾಗಿ ಇಡಿ. ಒಂದರ ಮೇಲೊಂದು ಬೇಡ. ನೆಲಕ್ಕೆ ತಾಗಿದ್ದ ಬಿಳಚು ಭಾಗವನ್ನು ಪಕ್ಕಕ್ಕೆ ತಿರುಗಿಸಿ, ಅದಕ್ಕೂ ಗಾಳಿ ತಾಗಲಿ. ಮೂರು ದಿನಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ.

ನೇರ ಬಿಸಿಲಿಗೆ ಇಡಬೇಡಿ. ಬಳ್ಳಿಯಲ್ಲಿದ್ದಾಗ ಎಲೆಯ ನೆರಳಲ್ಲಿ ಬೆಳೆದ ಕಾಯಿ ಅದು. ಏಪ್ರಿಲ್ ಬಿಸಿಲಿಗೆ ಸಿಪ್ಪೆ ಬೆಂದು ಬಿಳಿ ಬೊಕ್ಕೆಯಂತೆ ಆಗುತ್ತದೆ. ಬೆಂದ ಸಿಪ್ಪೆಯೂ ಗಾಯವೇ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ ಇದ್ದರೆ ಅದರೊಳಗೂ ಬೇಡ. ಮಧ್ಯಾಹ್ನ ಅಲ್ಲಿನ ಶಾಖ ಅಡಿಕೆಗೆ ಸರಿ, ಕುಂಬಳಕ್ಕೆ ಜಾಸ್ತಿ. ಸಂಜೆ ಮೋಡ ಕವಿದರೆ ಟಾರ್ಪಾಲನ್ನು ಮೈಗೆ ತಾಗುವ ಹಾಗೆ ಹೊದಿಸಬೇಡಿ, ಬೆವರುತ್ತದೆ. ಗಳ ಕಟ್ಟಿ ಎತ್ತರದಲ್ಲಿ ಹೊದಿಸಿ, ಇಲ್ಲವೇ ಜಗಲಿಗೆ ತನ್ನಿ. ಕರಾವಳಿಯಲ್ಲಿ ಗಾಳಿಯಾಡುವ ಜಗಲಿಯೇ ಸಾಕು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ರಾತ್ರಿ ತಂಪಾಗುತ್ತದೆ. ಹಾಗಾಗಿ ಘಟ್ಟದ ಮೇಲೆ ಎರಡು ಮೂರು ದಿನ ಜಾಸ್ತಿ ಹಿಡಿಯಿರಿ.

ಆಯಿತು ಅಂತ ತಿಳಿಯುವುದು ಹೇಗೆ? ತೊಟ್ಟು ಮುರುಟಿ, ತೂಕ ಕಳೆದುಕೊಂಡು, ಉಗುರಿನಿಂದ ತಟ್ಟಿದರೆ ಕಟ್ಟಿಗೆಯ ಸದ್ದು ಕೊಡುತ್ತದೆ. ಗೀರಿದ ಕಡೆ ಅಂಟು ಒಣಗಿ, ಮುಟ್ಟಿದರೆ ಹುಡಿಯಾಗಿ ಉದುರುತ್ತದೆ. ಅದರಡಿಯಲ್ಲಿ ತಿಳಿಕಂದು ಪೊರೆ ಕಾಣುತ್ತದೆ. ಆ ಪೊರೆ ಒಣಗಿದ್ದು ಗಡಸಾಗಿದ್ದರೆ ಕಾಯಿ ಗೆದ್ದಿದೆ. ಮೆತ್ತಗಿದ್ದು ಅಂಚು ನೀರು ನೀರಾಗಿದ್ದರೆ ಸೋತಿದೆ. ಸೋತದ್ದನ್ನು ಅವತ್ತೇ ಹುಳಿಗೋ ಸಾಸಿವೆಗೋ ಹಾಕಿ ಮುಗಿಸಿ. ಸಿಪ್ಪೆ ದಾಟಿ ತಿರುಳು ಕಾಣುವ ಗಾಯ ಇದ್ದರೆ ಹತ್ತು ದಿನ ಕಾಯುವುದೂ ಬೇಡ, ಅಂಥ ಆಳದ ಗಾಯ ಮಾಯುವುದು ಅಪರೂಪ.

ಮಳೆಗಾಲದ ಬೆಳೆಯನ್ನು ನವರಾತ್ರಿ ಹೊತ್ತಿಗೆ ಕೊಯ್ಯುವವರಿಗೆ ಈ ಹೆಜ್ಜೆ ಕಷ್ಟ. ಹೊರಗೆ ಇನ್ನೂ ಪಿರಿಪಿರಿ ಮಳೆ. ನಾವು ಬಚ್ಚಲ ಒಲೆಯ ಹಿಂದಿನ ಗೋಡೆಗೆ ಹಲಗೆ ಹಾಕಿ ಅಲ್ಲಿ ಇಡುತ್ತೇವೆ. ದಿನಾ ಬೆಳಿಗ್ಗೆ ನೀರು ಕಾಯಿಸುವ ಬೆಂಕಿಗೆ ಗೋಡೆ ಹೊತ್ತೇರುವವರೆಗೂ ಬೆಚ್ಚಗಿರುತ್ತದೆ. ಸ್ನಾನದ ಹಬೆ ತಾಗದ ಕಡೆ ನೋಡಿ ಇಡಬೇಕು, ಅಷ್ಟೇ.

ಐದನೆಯ ಹೆಜ್ಜೆ: ಎಲ್ಲಿ ಇಡುವುದು

ಮೊಗೆಕಾಯಿಗೆ ನೇತುಹಾಕುವುದೇ ಸರಿ. ಬಾಳೆ ಪಟ್ಟೆಯನ್ನು ಸೀಳಿ, ನೀರಲ್ಲಿ ಸ್ವಲ್ಪ ನೆನೆಸಿ ಮೆತ್ತಗೆ ಮಾಡಿ, ಕಾಯಿಯ ಸುತ್ತ ಎರಡು ಕಡೆ ಬಳಸಿ ಜಂತಿಗೆ ಕಟ್ಟಿ. ಪಟ್ಟೆ ಅಗಲ ಇರುವುದರಿಂದ ಸಿಪ್ಪೆ ಕೊರೆಯುವುದಿಲ್ಲ. ಪ್ಲಾಸ್ಟಿಕ್ ದಾರ ಬೇಡ. ತೆಳು ದಾರ ಭಾರಕ್ಕೆ ಸಿಪ್ಪೆಗೆ ಇಳಿಯುತ್ತದೆ, ಮತ್ತೆ ಗಾಯ. ತೂಗುವ ಕಾಯಿಗೆ ನಾಲ್ಕೂ ಕಡೆ ಗಾಳಿ. ಯಾವ ಜಾಗವೂ ಹಲಗೆಗೆ ತಾಗಿ ಬೆವರುವುದಿಲ್ಲ. ಒಂದು ಕೊಳೆತರೆ ಪಕ್ಕದ್ದಕ್ಕೆ ದಾಟುವುದಿಲ್ಲ. ಚೌತಿಗೆ ಗಣಪತಿಯ ಮೇಲೆ ಕಾಯಿ, ಹಣ್ಣುಗಳ ಫಲಾವಳಿ ಕಟ್ಟುವ ಕೈಗೆ ಈ ಕಟ್ಟು ಹೊಸದಲ್ಲ. ಕುಮಟಾದ ಅಳ್ವೆಕೋಡಿಯಲ್ಲಿ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿಗೂ ತೂಗುವುದರಿಂದ ಸಿಗುವ ಗಾಳಿಯೇ ಆಸರೆ.

ದೊಡ್ಡ ಚೀನಿಕಾಯಿ, ಬೂದುಗುಂಬಳಗಳನ್ನು ನೆಲುವಿನಲ್ಲಿ ಇಡಬಹುದು. ಭಾರ ಜಾಸ್ತಿ ಅನ್ನಿಸಿದರೆ ಮೆತ್ತಿನ ಮೇಲೆ ದಬ್ಬೆಯ ಮಂಚ ಮಾಡಿ ಸಾಲಾಗಿ ಇಡಿ. ಹುಲ್ಲಿನ ಸಿಂಬಿಯ ಮೇಲೆ ಕೂರಿಸಿ. ಗೋಡೆಗೆ ತಾಗಬಾರದು. ಮಳೆಗಾಲದಲ್ಲಿ ಮಣ್ಣಿನ ಗೋಡೆ ನೀರು ಕುಡಿದಿರುತ್ತದೆ.

ಹಿಂದೆ ಕೆಳಗಿನ ಒಲೆಯಿಂದ ಅಟ್ಟಕ್ಕೆ ಶಾಖವೂ ಹೊಗೆಯೂ ಏರುತ್ತಿದ್ದವು. ಶಾಖ ತೇವ ತೆಗೆಯುತ್ತಿತ್ತು. ಹೊಗೆಯಲ್ಲಿರುವ ಕೆಲವು ವಸ್ತುಗಳು ಬೂಸ್ಟನ್ನು ತಡೆಯುತ್ತಿದ್ದವು. ಈಗ ಬಹಳ ಮನೆಗಳಲ್ಲಿ ಗ್ಯಾಸ್ ಬಂದಿದೆ. ಒಳ್ಳೆಯದೇ, ಹೆಂಗಸರ ಕಣ್ಣು, ಎದೆ ಉಳಿಯಿತು. ಆದರೆ ಅಟ್ಟ ತಣ್ಣಗಾಗಿದೆ, ಒದ್ದೆಯಾಗಿದೆ. ಅಜ್ಜಿಯ ಕಾಲದಲ್ಲಿ ಉಳಿಯುತ್ತಿದ್ದ ಕಾಯಿ ನಮ್ಮ ಕಾಲದಲ್ಲಿ ಯಾಕೆ ಉಳಿಯುವುದಿಲ್ಲ ಅನ್ನುವವರು ಇದನ್ನು ಯೋಚಿಸಬೇಕು. ಗ್ಯಾಸ್ ಇರುವ ಮನೆಯಲ್ಲಿ ಹಳೆಯ ಅಟ್ಟವನ್ನೇ ನಂಬಬೇಡಿ. ಬಚ್ಚಲ ಒಲೆಯ ಮೇಲ್ಭಾಗ, ಫ್ರಿಜ್ಜಿನ ಹಿಂದಿನ ಬೆಚ್ಚಗಿನ ಮೂಲೆಯ ಮೇಲಿನ ಕಪಾಟು, ಹೀಗೆ ಮನೆಯಲ್ಲಿ ಒಣ ಜಾಗ ಯಾವುದು ಅಂತ ಹುಡುಕಿ. ತೇವ ತೋರಿಸುವ ಅಗ್ಗದ ಮೀಟರ್ ಸಿಗುತ್ತದೆ. ಒಂದು ವಾರ ಬೇರೆ ಬೇರೆ ಕಡೆ ಇಟ್ಟು ನೋಡಿದರೆ ಅಂದಾಜು ಸಿಗುತ್ತದೆ.

ಕಾರವಾರದ ಫ್ಲ್ಯಾಟ್‌ಗಳಲ್ಲಿ ಇರುವವರು ನಾಲ್ಕೈದಕ್ಕಿಂತ ಹೆಚ್ಚು ಇಡಬೇಡಿ. ಸಮುದ್ರದ ಗಾಳಿ ನೇರ ಬಡಿಯುವ ಬಾಲ್ಕನಿ ಬೇಡ. ಒಳಗಿನ ಕೋಣೆಯಲ್ಲಿ ಜಾಲರಿ ಕಪಾಟಿನ ಮೇಲಿಡಿ, ದಿನಕ್ಕೆ ಸ್ವಲ್ಪ ಹೊತ್ತು ಫ್ಯಾನ್ ಹಾಕಿ. ಇಡೀ ಕಾಯಿಯನ್ನು ಫ್ರಿಜ್ಜಿಗೆ ತುರುಕಬೇಡಿ. 10 ಡಿಗ್ರಿಗಿಂತ ಕೆಳಗೆ ಹೋದರೆ ಇದರ ಸಿಪ್ಪೆಗೆ ಚಳಿ ಹೊಡೆಯುತ್ತದೆ. ಕೆಲವು ವಾರದಲ್ಲಿ ಗುಳಿ ಗುಳಿ ಬಿದ್ದು ಅಲ್ಲೇ ಕೊಳೆ ಹತ್ತುತ್ತದೆ.

ಬಾಳೆಗೊನೆಯ ಪಕ್ಕ ಇಡಬೇಡಿ. ಹಣ್ಣಾಗುವ ಬಾಳೆ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ಅದು ತೊಟ್ಟನ್ನು ಸಡಿಲ ಮಾಡುತ್ತದೆ. ಇಲಿಯ ಕಾಟ ಇದ್ದರೆ ಜಾಲರಿ ಹಾಕಿ. ಇಲಿ ಹಲ್ಲಿಟ್ಟ ಕಾಯಿಗೆ ಜುಲೈಯಲ್ಲಿ ಇನ್ನೊಂದು ಬಾಣಂತನ ಮಾಡಲು ಆಗುವುದಿಲ್ಲ.

ಆರನೆಯ ಹೆಜ್ಜೆ: ವಾರಕ್ಕೊಮ್ಮೆ ಕೈ, ಕಣ್ಣು, ಮೂಗು

ಒಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಭಾನುವಾರ. ಟಾರ್ಚ್ ಹಿಡಿದು ಒಂದೊಂದರ ತೊಟ್ಟಿನ ಬುಡ, ಅಡಿ, ಹಳೆಯ ಗಾಯ ನೋಡಬೇಕು. ಮೆಲ್ಲಗೆ ಒತ್ತಿ ನೋಡಬೇಕು.

ಕಾಣುವುದೆಲ್ಲ ಒಂದೇ ಕೊಳೆ ಅಲ್ಲ. ಸಿಪ್ಪೆಯ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ಹುಡಿ ಇದ್ದು, ಕೆಳಗೆ ಮೆತ್ತಗಾಗಿದ್ದರೆ ಅದು ಫೈಟೋಫ್ತೊರಾ ಇರಬಹುದು. ಬಹಳ ವೇಗವಾಗಿ ಹಬ್ಬುತ್ತದೆ. ತಕ್ಷಣ ಹೊರಗೆ ಹಾಕಿ. ಆದರೆ ಮೆಣಸಿನ ಬಳ್ಳಿಯ ಬುಡಕ್ಕೆ ಮಾತ್ರ ಎಸೆಯಬೇಡಿ. ತೋಟದಿಂದ ದೂರ ಹೂಳಿ. ಬೂದು ಎಳೆಗಳು, ಅದರ ತುದಿಯಲ್ಲಿ ಗುಂಡುಸೂಜಿಯಂಥ ಕಪ್ಪು ತಲೆ, ಕೆಳಗೆ ನೀರು ಸೋರುವುದು, ಇದು ರೈಜೋಪಸ್. ಬ್ರೆಡ್ಡಿಗೆ ಬರುವ ಬೂಸ್ಟೂ ಇದೇ. ಇದು ಗಾಯವಿಲ್ಲದೆ ಒಳಹೋಗುವುದು ಕಡಿಮೆ. ಆದರೆ ಕೊಳೆತ ಕಾಯಿಗೆ ತಾಗಿಕೊಂಡಿದ್ದಕ್ಕೆ ಬೇಗ ದಾಟುತ್ತದೆ. ಕಂದು ಅಥವಾ ಕಪ್ಪು ವೃತ್ತ, ಅದರಲ್ಲಿ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆಗಳು ಇದ್ದರೆ ಕಪ್ಪು ಕೊಳೆ. ಬಳ್ಳಿಗೆ ಅಂಟು ಸೋರುವ ರೋಗ ತರುವುದೂ ಇದೇ ಶಿಲೀಂಧ್ರ, ಅಂದರೆ ಸೋಂಕು ಗದ್ದೆಯಿಂದಲೇ ಬಂದದ್ದು. ಕೆಟ್ಟ ನಾತ ಬಂದು ಇಡೀ ಕಾಯಿ ಕುಸಿದರೆ ಬ್ಯಾಕ್ಟೀರಿಯಾದ ಕೊಳೆ.

ಒಣಗಿದ ಸಣ್ಣ ಮಚ್ಚೆ, ಸಿಪ್ಪೆ ದಾಟಿಲ್ಲ, ನಾತ ಇಲ್ಲ ಅಂತಾದರೆ ಸುತ್ತ ಧಾರಾಳವಾಗಿ ಕತ್ತರಿಸಿ ತೆಗೆದು ಅವತ್ತೇ ಅಡುಗೆ ಮಾಡಬಹುದು. ತಿರುಳಿಗೆ ಬೂಸ್ಟು ಹೋಗಿದ್ದರೆ, ಹುಳಿ ವಾಸನೆ ಬಂದಿದ್ದರೆ ಬೇಡ. ದನಕ್ಕೂ ಹಾಕಬೇಡಿ. ಹೆಚ್ಚಿದಾಗ ವಿಪರೀತ ಕಹಿ ಇದ್ದ ಕಾಯಿಯನ್ನೂ ತಿನ್ನಬಾರದು. ಈ ಬಳಗದ ಕಹಿ ವಸ್ತು ಹೊಟ್ಟೆಗೆ ವಿಷ. ಸಂಗ್ರಹಿಸಿದ ಕಾಯಿಗೆ ಔಷಧಿ ಹೊಡೆಯುವ ಆಲೋಚನೆ ಬೇಡ. ಅಡಿಕೆಗೆ ಹೊಡೆದು ಉಳಿದ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಕುಂಬಳಕ್ಕೂ ಆಗಬಹುದಾ ಅಂತ ನನ್ನನ್ನು ಕೇಳಿದವರಿದ್ದಾರೆ. ಆಗದು. ತಿನ್ನುವ ಕಾಯಿ ಅದು, ಒಳಗೆ ಹೊಕ್ಕ ಕೊಳೆಗೆ ಅದು ತಲುಪುವುದೂ ಇಲ್ಲ. ಪ್ರತಿವರ್ಷ ಒಂದೇ ರೀತಿಯ ಕೊಳೆ ಬರುತ್ತಿದ್ದರೆ ಮಾದರಿ ಹಿಡಿದುಕೊಂಡು ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಕಾಲೇಜಿಗೋ ಹೋಗಿ ತೋರಿಸಿ.

ಯಾವುದನ್ನು ಮೊದಲು ಹೆಚ್ಚಬೇಕು

ತೊಟ್ಟು ಹೋದದ್ದು, ಕೊಯ್ಯುವಾಗ ಗೀರಿದ್ದು, ಬಿದ್ದದ್ದು ಮೊದಲ ತಿಂಗಳಲ್ಲಿ ಮುಗಿಯಬೇಕು. ಆಮೇಲೆ ಚೀನಿಕಾಯಿ. ಕೊಯ್ದ ಮೊದಲ ಕೆಲವು ವಾರ ಅದರ ಒಳಗಿನ ಹಿಟ್ಟು ಸಕ್ಕರೆಯಾಗುತ್ತಾ ಬರುತ್ತದೆ. ಗಾಯ ಮಾಯ್ದ ಕಾಯಿಯ ಕಡುಬು, ಕೊಯ್ದ ದಿನ ಮಾಡಿದ್ದಕ್ಕಿಂತ ರುಚಿ. ನಮ್ಮ ಹವೆಯಲ್ಲಿ ಎರಡು ಮೂರು ತಿಂಗಳು ಚೀನಿಕಾಯಿಗೆ ಸಾಕು. ಇನ್ನೂ ಇಟ್ಟರೆ ಸಿಹಿ ಕರಗಿ, ತಿರುಳು ನಾರು ನಾರಾಗಿ, ಒಳಗೇ ಬೀಜ ಮೊಳೆಯುವುದೂ ಉಂಟು. ಕೊನೆಗೆ ಬೂದುಗುಂಬಳ. ಚೆನ್ನಾಗಿ ಬಲಿತು ಬೂದಿ ಉಳಿಸಿಕೊಂಡದ್ದು ಆರು ತಿಂಗಳು ಇದ್ದದ್ದನ್ನು ನೋಡಿದ್ದೇನೆ.

ಒಮ್ಮೆ ಹೆಚ್ಚಿದ ಕಾಯಿಗೆ ತೇಪೆ ಬೀಳುವುದಿಲ್ಲ. ಅರ್ಧ ಉಳಿದರೆ ನಡುವಿನ ನಾರು, ಬೀಜ ಪೂರ್ತಿ ಕೆರೆದು ತೆಗೆಯಿರಿ. ಮೊದಲು ಕೆಡುವುದು ಅದೇ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ. ಫ್ರಿಜ್ಜಿಗೆ ಇಡಬಾರದ್ದು ಇಡೀ ಕಾಯಿ, ತುಂಡಿಗೆ ಅದೇ ಜಾಗ.

ಬೀಜ ಬಿಸಾಡಬೇಡಿ. ಚೌತಿ ಕಳೆದು ದಸರೆಯ ಹೊತ್ತಿಗೂ ಕೆಡದೆ ಉಳಿದ ಕಾಯಿ ಯಾವುದು ಅಂತ ಗುರುತು ಮಾಡಿ, ಅದರ ಬೀಜವನ್ನೇ ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ. ದಪ್ಪ ಸಿಪ್ಪೆ, ಗಟ್ಟಿ ತೊಟ್ಟು ಬಳ್ಳಿಯಿಂದ ಬಳ್ಳಿಗೆ ಇಳಿಯುವ ಗುಣ. ದುಂಬಿ ಪಕ್ಕದ ಗದ್ದೆಯ ಹೂವಿನ ಪರಾಗ ತಂದಿರಬಹುದು, ಆದ್ದರಿಂದ ಎಲ್ಲ ಮರಿಯೂ ತಾಯಿಯ ಹಾಗೆ ಆಗುವುದಿಲ್ಲ. ಆದರೂ ನಾಲ್ಕಾರು ವರ್ಷ ಹೀಗೆ ಆರಿಸುತ್ತಾ ಹೋದರೆ ನಿಮ್ಮ ಅಟ್ಟಕ್ಕೆ ಹೊಂದುವ ತಳಿ ನಿಮ್ಮ ಮನೆಯಲ್ಲೇ ಆಗುತ್ತದೆ. ನಾನು ಬೀಜ ತೊಳೆದು, ನೆರಳಲ್ಲಿ ಹಾಳೆಯ ಮೇಲೆ ಒಂದು ವಾರ ಒಣಗಿಸಿ, ಒಲೆಯ ಬೂದಿಯಲ್ಲಿ ಹೊರಳಿಸಿ ಡಬ್ಬಿಗೆ ಹಾಕುತ್ತೇನೆ. ಡಬ್ಬಿಯ ಮೇಲೆ ಕಾಯಿ ಕೊಯ್ದ ದಿನ ಮತ್ತು ಹೆಚ್ಚಿದ ದಿನ, ಎರಡನ್ನೂ ಬರೆದಿಡುತ್ತೇನೆ. ‘ಸು’ ಅಕ್ಷರದ ಕಾಯಿಯನ್ನು ಮುಂದಿನ ವಾರ ಕೊಯ್ಯಬೇಕು. ಅಣ್ಣನ ಮಗಳು ದಸರೆ ರಜೆಗೆ ಬಂದಾಗ ಅವಳ ಕೈಯಲ್ಲೇ ಹೆಚ್ಚಿಸುವುದು ಅಂತ ಮಾತಾಗಿದೆ.